ಸೂರಿನ ಲೋಟ

ತೊಂಬತ್ತಮೂರರಲ್ಲಿ ಗುಂಡ್ಲುಪೇಟೆಯ ಕವಿಗೋಷ್ಠಿಯೊಂದರಲ್ಲಿ ಪುಟ್ಟರಾಜುವಿನ ಬೆಳದಿಂಗಳ ಪದ್ಯಕ್ಕೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ದಲಿತರ ಕೇರಿಯ ಮಹಾಲಿಂಗ ಹಾಡಿದಾಗ ಮಾತ್ರ ಸಭೆಯೇ ಎದ್ದು ನಿಂತಿತು. ಅವನು ಹಾಡಿದ್ದು, ಬೇಗೂರಿನಲ್ಲಿ ಪುಟ್ಟರಾಜುವಿನ ಅಪ್ಪನದೇ ಹೋಟೆಲಿನ ಸೂರಿಗೆ ಸಿಕ್ಕಿಸಿದ್ದ, ಕೇರಿಯವರಿಗೆಂದೇ ಬೇರೆ ಇಟ್ಟ ನಗ್ಗಿದ ಲೋಟದ ಮೇಲೆ.

ಪುಟ್ಟರಾಜುವಿನ ಹೊಟ್ಟೆಗೆ ಬೆಂಕಿ ಬಿತ್ತು. ದಿನಾ ಕಣ್ಣೆದುರಿಗೇ ಇದ್ದ ಲೋಟ ತನಗೇಕೆ ಹೊಳೆಯಲಿಲ್ಲ? ಲೋಟವೇ ಇಲ್ಲದಿದ್ದರೆ ಇನ್ನೇನು ಹಾಡುತ್ತಾನೋ ನೋಡೋಣ ಎಂದು ಅದನ್ನು ಕಿತ್ತು ಕೆರೆಗೆ ಎಸೆದ.

ಮರುದಿನ ಮಹಾಲಿಂಗ ಬಂದಾಗ ಅಪ್ಪ ಸೂರೆಲ್ಲ ತಡಕಿದ. ಪದ್ಯ ಆಗಲೇ ಊರೆಲ್ಲ ಹಬ್ಬಿತ್ತು; ಗಿರಾಕಿಗಳು ಅಪ್ಪನನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಒಳಗಿನ ಗಾಜಿನ ಲೋಟದಲ್ಲೇ ಟೀ ಕೊಟ್ಟ.

"ಆ ಲೋಟ ಎತ್ತಾಕ್ದ ಪುಣ್ಯಾತ್ಮನ ಮ್ಯಾಲೂ ಒಂದ್ ಪದ ಕಟ್ಬೇಕು, ಯಜಮಾನ್ರೆ," ಎಂದ ಮಹಾಲಿಂಗ.

ಪುಟ್ಟರಾಜು ಒಳಗೋಡಿ ಪೆನ್ನು ಹುಡುಕಿದ. ಇದನ್ನಾದರೂ ಅವನಿಗಿಂತ ಮೊದಲು ತಾನು ಬರೆಯಬೇಕು.