ಗಂಡ ಕಡಿದ ಕೈ

"ಇನ್ನೊಮ್ಮೆ ಹೇಳ. 'ನನ್ನ ಗಂಡ ಕುಡದ ಬಂದು ಕುಡಗೋಲಲೆ ಕೈ ಕಡದ.' ಇಷ್ಟ ಹೇಳಾಕ ಬರೂದಿಲ್ಲೇನ ನಿನಗ, ಎಮ್ಮಿ?"

ಬುಧಗಾಂವದ ಅರಿಶಿನ ಪುಡಿಯ ಕೇಂದ್ರದಲ್ಲಿ ನೀಲಗಂಗವ್ವ ತಲೆ ತಗ್ಗಿಸಿ ನಿಂತಿದ್ದಳು. ಕೇಂದ್ರದ ಹೆಸರು 'ಸ್ವಾಭಿಮಾನ'. ನಡೆಸುವವನು ಸಾಂಗ್ಲಿಯ ವ್ಯಾಪಾರಿಯೊಬ್ಬರ ಮಗ ಕುಣಾಲ. ಬಡ ಹೆಂಗಸರಿಗೆ ಉದ್ಯೋಗ ಕೊಡುತ್ತೇನೆಂದು ಹೊರದೇಶದ ಸಂಸ್ಥೆಯೊಂದರಿಂದ ನೆರವು ತರುತ್ತಿದ್ದ. ನಾಳೆ ಆ ಸಂಸ್ಥೆಯ ಮ್ಯಾಡಮ್ ಬರುವವಳಿದ್ದಳು. ಅವಳು ಒಪ್ಪಿದರೆ ಇನ್ನೂ ಮೂರು ವರ್ಷ ನೆರವು.

"ಖರೇ ಅಂದ್ರ ಮಷೀನ ಕಡದೈತಲ್ರಿ ಸಾಹೇಬ್ರ."

"ಮಷೀನ ಅಂದ್ರ ಆಕಿ ಪೈಸಾ ಕೊಡ್ತಾಳೇನ? ಗಂಡ ಅಂದ್ರ ಅಳ್ತಾಳ. ಅಕ್ಕಲ್ ಆಹೆ ಕಾ ತುಲಾ?" ಬುದ್ಧಿ ಇದೆಯೇ ಎಂದು ಕುಣಾಲ ಮರಾಠಿಗೆ ಜಿಗಿದ.

ದೀಪಾವಳಿಯ ಆರ್ಡರಿನ ಅವಸರದಲ್ಲಿ ಅರಿಶಿನ ಬೀಸುವ ಮಷೀನಿನ ಬಾಯಿಗಿದ್ದ ಕಬ್ಬಿಣದ ಜಾಳಿಯನ್ನು ಅವನೇ ಬಿಚ್ಚಿಸಿದ್ದ. ಜಾಳಿಯಿದ್ದರೆ ಅರಿಶಿನ ನಿಧಾನವಾಗಿ ಇಳಿಯುತ್ತಿತ್ತು. ಸಿಕ್ಕಿಕೊಂಡ ಕೊಂಬೊಂದನ್ನು ದೂಡಲು ಹೋದ ನೀಲಗಂಗವ್ವನ ಬಲಗೈಯ ಮೂರು ಬೆರಳು ಒಳಗೆ ಹೋದವು. ಆ ದಿನದ ಪುಡಿಯನ್ನೂ ಚೆಲ್ಲಲು ಕುಣಾಲ ಬಿಡಲಿಲ್ಲ. "ಕೆಂಪ ಆಗಿದ್ದಷ್ಟ ತಗದ ಚೀಲಾ ತುಂಬ್ರಿ" ಎಂದಿದ್ದ. ಮಿರಜದ ದವಾಖಾನೆಯಲ್ಲಿ, ಮನೆಯಲ್ಲಾದ ಗಾಯವೆಂದು ಬರೆಸಿದವನೂ ಅವನೇ.

ಅವನು ಆಚೆ ಹೋದ ಮೇಲೆ, ಕೆಲಸದ ಹೆಂಗಸರಲ್ಲೆಲ್ಲ ಹಿರಿಯಳಾದ ಇಂದುಬಾಯಿ ಹತ್ತಿರ ಬಂದಳು.

"ಹೇಳಿಬಿಡವ್ವಾ. ಇದು ಮುಚ್ಚಿದ್ರ ಇಪ್ಪತ್ತ ಮಂದಿ ಎಲ್ಲಿ ಹೋಗೂಣು? ಮತ್ತ ಕಬ್ಬ ಕಡ್ಯಾಕೇನ?"



ಬೆರಳು ಹೋದಂದಿನಿಂದ ಅವಳ ತಲೆ ಬಾಚುವವನು ಗಂಡ ಸಿದರಾಯ. ಗಾರೆ ಕೆಲಸದ ಒರಟು ಕೈ. ಮರುದಿನ ಮುಂಜಾನೆ ಅವಳಿಗೆ ಹೆರಳು ಹಾಕುತ್ತ ಹೇಳಿದ:

"ಅಂದುಬಿಡು."

"ಕುಡೀದಾವನ್ನ ಕುಡಕಾ ಅನ್ಲೇನ?"

"ಅನ್ನು. ಅಂದ್ರ ಮೈಗೇನ ಹತ್ತತೈತಿ?"

ಮ್ಯಾಡಮ್ ಬಂದಳು. ಕುರ್ಚಿ ಹೊತ್ತು ಹಾಕಲು ಕುಣಾಲ ಸಿದರಾಯನನ್ನೂ ಕರೆಸಿದ್ದ. ಹೆಂಗಸರು ಸಾಲಾಗಿ ಕುಳಿತರು. ನೀಲಗಂಗವ್ವ ಎದ್ದು ನಿಂತು, ಪಟ್ಟಿ ಬಿಚ್ಚಿದ ಕೈ ತೋರಿಸಿದಳು.

"ನನ್ನ ಗಂಡ ಒಂದಿನಾನೂ ಕೈ ಎತ್ತಿಲ್ರಿ. ನನ್ನ ಬೆರಳ ತಿಂದದ್ದು ಈ ಮಷೀನ. ಜಾಳಿ ಬಿಚ್ಚಿಸಿದಾವ ಈ ಸೂಳಿಮಗ."

ಕುಣಾಲನ ಮುಖದ ನಗು ಅಲುಗಲಿಲ್ಲ. ಕನ್ನಡ ಬಾರದ ಮ್ಯಾಡಮ್ಮಳಿಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ಏನೋ ಹೇಳಿದ. ಅವಳ ಕಣ್ಣು ತುಂಬಿದವು. ಎದ್ದು ಬಂದು ನೀಲಗಂಗವ್ವನನ್ನು ಅಪ್ಪಿಕೊಂಡಳು, ಏನೋ ಕೇಳಿದಳು. ಕುಣಾಲ ಕುರ್ಚಿಗಳ ಹಿಂದೆ ನಿಂತಿದ್ದ ಸಿದರಾಯನ ಕಡೆ ಬೆರಳು ಮಾಡಿದ.

ಮ್ಯಾಡಮ್ ಸಿದರಾಯನನ್ನು ನೋಡಿದ ನೋಟ ಎಲ್ಲರಿಗೂ ಅರ್ಥವಾಯಿತು. ಕುಣಾಲ ಸನ್ನೆ ಮಾಡಿದ. ವಾಚಮನ್ ಸಿದರಾಯನ ಕುತ್ತಿಗೆ ಹಿಡಿದು ಗೇಟಿನಾಚೆ ದೂಡಿದ. ಮುಗ್ಗರಿಸಿ ಬಿದ್ದವನು ಎದ್ದು, ಹೆಂಡತಿಯ ಕಡೆ ನೋಡಿ, ಸುಮ್ಮನಿರೆಂದು ಕೈಸನ್ನೆ ಮಾಡಿದ.

ನೀಲಗಂಗವ್ವ ಎಡಗೈಯಿಂದ ಮ್ಯಾಡಮ್ಮಳ ಮಣಿಕಟ್ಟು ಹಿಡಿದು ಮಷೀನಿನ ಬಳಿಗೆ ಎಳೆದಳು. ಬಲಗೈಯ ಹೆಬ್ಬೆರಳಿನಿಂದ ಅದರ ಬಟನ್ ಒತ್ತಿದಳು. ಜಾಳಿಯನ್ನು ಇನ್ನೂ ಹಾಕಿರಲಿಲ್ಲ. ಒಳಗೆ ಕಬ್ಬಿಣ ಗರಗರ ತಿರುಗತೊಡಗಿತು. ಚೀರುತ್ತಿದ್ದವಳ ಐದೂ ಬೆರಳನ್ನು ಆ ಬಾಯಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದಳು.

"ಈಗ ಹೇಳಲೇ ಕುಣಾಲ, ಇದನ್ನ ಇಂಗ್ಲಿಷಿನ್ಯಾಗ."

ಮ್ಯಾಡಮ್ ಒಳಗೆ ನೋಡಿದಳು. ಆಮೇಲೆ ನೀಲಗಂಗವ್ವನ ಬಲಗೈ ನೋಡಿದಳು. ಚೀರುವುದು ನಿಂತಿತು.

"ಇಂದುಬಾಯಿ! ಬಂದ್ ಕರಾ! ಬಟನ್ ಬಂದ್ ಕರಾ!" ಕುಣಾಲ ಅರಚುತ್ತ ಧಾವಿಸಿದ.

ಇಂದುಬಾಯಿ ಅವನಿಗಿಂತ ಮೊದಲೇ ಓಡಿ ಬಂದಳು. ಬಟನ್ನಿಗೆ ಬೆನ್ನು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನೆದುರು ನಿಂತಳು.