ಬೆನ್ನು ತಿರುಗಿಸಿ ನಿಂತ ಮಗು

ಮಗಳು ಟ್ರೂಡಿ ಸತ್ತ ಚಳಿಗಾಲದಿಂದ ಓಟಿಲಿಯಾ ಕ್ರಾಲಿಕ್‌ಗೆ ಒಂದೇ ಕನಸು. ಮೆಟ್ಟಿಲ ಕೆಳಗೆ ಮಗು ಬೆನ್ನು ತಿರುಗಿಸಿ ನಿಂತಿರುತ್ತದೆ. ಜಡೆ ಬಿಚ್ಚಿರುತ್ತದೆ. ಕರೆದರೆ ತಿರುಗುವುದಿಲ್ಲ. ಕಾಯಿಲೆಯ ಕೊನೆಯಲ್ಲಿ ಕತ್ತು ಊದಿಕೊಂಡು ಆ ಮುಖ ಗುರುತೇ ಸಿಗದ ಹಾಗಾಗಿತ್ತು. ಎಚ್ಚರದಲ್ಲಿ ನೆನೆದರೆ ಆ ಮುಖವೇ ಕಣ್ಣಿಗೆ ಬರುತ್ತಿತ್ತು, ಮೊದಲಿನದು ಅಳಿಸಿಹೋಗಿತ್ತು. ಕನಸಿನಲ್ಲಾದರೂ ಒಮ್ಮೆ ಇತ್ತ ತಿರುಗಲಿ ಎಂಬುದೊಂದೇ ಅವಳ ಹಂಬಲ.

ಕನಸುಗಳ ಅರ್ಥ ಬಿಡಿಸುವ ಮನೋವೈದ್ಯ ಡಾಕ್ಟರ್ ಲಿಂಟ್ನರ್ ಹತ್ತಿರ ಹೋದದ್ದೂ ಅದಕ್ಕೇ. ಅವರಲ್ಲಿ ರೋಗಿ ಮಂಚದ ಮೇಲೆ ಮಲಗಬೇಕು. ಅವರು ತಲೆಯ ಹಿಂದೆ, ಕಾಣದ ಹಾಗೆ, ಕುರ್ಚಿಯಲ್ಲಿ ಕೂರುತ್ತಿದ್ದರು.

"ಕನಸು ಅಂದ್ರೆ ಮರೆಮಾಚಿದ ಆಸೆ, ಫ್ರೌ ಕ್ರಾಲಿಕ್," ಎಂದಿತು ಹಿಂದಿನಿಂದ ದನಿ. "ಮಗು ನರಳ್ತಿದ್ದಾಗ, ಬೇಗ ಮುಗಿದುಹೋಗ್ಲಿ ಅಂತ ಒಂದು ಗಳಿಗೆ ಅನ್ನಿಸಿರಲಿಲ್ವಾ ನಿಮಗೆ?"

ಅನ್ನಿಸಿತ್ತು. ಒದ್ದೆ ಬಟ್ಟೆ ಹಿಂಡುತ್ತಾ ಕಿಟಕಿಯ ಬಳಿ ನಿಂತಿದ್ದಾಗ. ಅದನ್ನವಳು ಗಂಡನಿಗಿರಲಿ, ಪಾದ್ರಿಗೂ ಹೇಳಿರಲಿಲ್ಲ.

ಅಂದಿನ ಕನಸಿನಲ್ಲಿ ಮಗು ಮೆಟ್ಟಿಲ ಬಳಿ ಇರಲಿಲ್ಲ. ಬೀದಿ ಬಾಗಿಲಾಚೆ ನಿಂತಿತ್ತು.

ಮರುದಿನ ಕಾಫಿ ಹೋಟೆಲಿನಲ್ಲಿ ತಂಗಿ ವಾಲೆರಿ ಕಾಫಿ ಕಲಕುತ್ತಾ ನಕ್ಕಳು. "ನಿಮ್ಮ ಲಿಂಟ್ನರ್‌ಗೆ ಬೇರೆ ಹಾಡೇ ಬರಲ್ಲ, ಓಟಿ. ಛತ್ರಿ ಕನಸು ಬಿದ್ರೂ ಆಸೆ, ಬಾತುಕೋಳಿ ಬಂದ್ರೂ ಆಸೆ! ನಮ್ಮ ಡಾಕ್ಟರ್ ಎಗ್ಲಿ ಹತ್ರ ಬಾ."

"ಅವರಿಬ್ಬರೂ ಮೊದಲು ಸ್ನೇಹಿತರಲ್ವಾ?"

"ಆಗಿದ್ರು. ಈಗ ಒಬ್ಬರು ಬರೋದು ಕಂಡ್ರೆ ಇನ್ನೊಬ್ಬರು ರಸ್ತೆ ದಾಟ್ತಾರೆ. ಇದು ಎಗ್ಲಿ ಕಡೆಯವರ ಹೋಟೆಲು, ಲಿಂಟ್ನರ್ ರೋಗಿಗಳು ಇಲ್ಲಿಗೆ ಬರಲ್ಲ. ನಿನ್ನ ಇಲ್ಲಿ ನೋಡಿದ್ರೆ ಇವತ್ತಿಗೆ ಎಲ್ಲರಿಗೂ ಅದೇ ಸುದ್ದಿ!"

ಜೂರಿಕ್‌ನಿಂದ ಬಂದ ಎಗ್ಲಿಯವರು ಅವಳನ್ನು ಮಲಗಿಸಲಿಲ್ಲ. ಎದುರಿಗೆ ಕೂರಿಸಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಕನಸು ಏನನ್ನೂ ಮುಚ್ಚಿಡಲ್ಲ. ಹಗಲಲ್ಲಿ ನಿಮಗೇನು ಕಮ್ಮಿಯಿದೆಯೋ ಅದನ್ನ ಎದುರಿಗೆ ತಂದಿಡುತ್ತೆ. ಆ ಮಗು ಟ್ರೂಡಿ ಅಲ್ಲ. ನೀವು ಬದುಕದೇ ಬಿಟ್ಟ ನಿಮ್ಮದೇ ಒಂದು ಪಾಲು."

"ಹಾಗಾದ್ರೆ ನನ್ನ ಟ್ರೂಡಿ ಎಲ್ಲಿ, ಹೆರ್ ಡಾಕ್ಟರ್?"

ಎಗ್ಲಿ ಕನ್ನಡಕ ತೆಗೆದು ಒರೆಸತೊಡಗಿದರು.

ಆ ರಾತ್ರಿ ಮಗು ಟ್ರಾಮ್ ಹಳಿಗಳ ಆಚೆ, ಬೆರಳಿನಷ್ಟಾಗಿ ಕಂಡಿತು.

ಆಗ ಅವಳಿಗೆ ಹೊಳೆಯಿತು: ಅರ್ಥ ಹೇಳಿದಷ್ಟೂ ಮಗು ದೂರ ಸರಿಯುತ್ತಿದೆ. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಅವಳನ್ನು ಹೆದರಿಸಿದ್ದೂ ಅದೇ. ಒಬ್ಬರ ಕೈಯಲ್ಲಿ ಟ್ರೂಡಿ ತಾಯಿಯ ಪಾಪವಾದಳು, ಇನ್ನೊಬ್ಬರ ಕೈಯಲ್ಲಿ ಓಟಿಲಿಯಾಳೇ ಆದಳು. ಟ್ರೂಡಿ ಟ್ರೂಡಿಯಾಗಿ ಉಳಿದದ್ದು ಎಲ್ಲಿ? ಇನ್ನೊಂದು ಅರ್ಥ ಕೇಳಿದರೆ ಆ ಬೆನ್ನೂ ಕಾಣದೆ ಹೋದೀತು.

ಇನ್ನು ಬರುವುದಿಲ್ಲ ಎಂದು ಹೇಳಲು ಲಿಂಟ್ನರ್ ಮನೆಗೆ ಹೋದಳು. ಅಭ್ಯಾಸಬಲದಿಂದ ಮಂಚದ ಮೇಲೆ ಒರಗಿದಳು. ಒಲೆಯ ಕಡೆ ನೋಡುತ್ತಾ ಮಲಗಿದಳು.

"ಸುಮ್ಮನಿರೋದಕ್ಕೂ ಅರ್ಥ ಇರುತ್ತೆ," ಎಂದಿತು ಹಿಂದಿನ ದನಿ.

ಒಲೆಯ ಬಿಸಿಗೆ, ಎಷ್ಟೋ ದಿನಗಳ ನಿದ್ದೆಗೇಡಿಗೆ, ಅವಳ ಕಣ್ಣು ಹತ್ತಿತು. ಆ ಮಂಚದ ಮೇಲೆ ಯಾರೂ ನಿದ್ದೆ ಹೋಗುವ ಹಾಗಿರಲಿಲ್ಲ.

ಮಗು ಅದೇ ಕೋಣೆಯಲ್ಲಿತ್ತು. ಅವಳ ಪಾದದ ಬಳಿ, ಮಂಚದ ಅಂಚು ಹಿಡಿದು, ಬೆನ್ನು ತೋರಿಸಿ. ಇಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಕೂದಲಲ್ಲಿ ಕರ್ಪೂರದೆಣ್ಣೆಯ ವಾಸನೆ. ಓಟಿಲಿಯಾ ಕರೆಯಲಿಲ್ಲ, ಉಸಿರು ಬಿಗಿಹಿಡಿದಳು. ಮಗುವಿನ ಭುಜ ಅಲುಗಿತು. ಕೆನ್ನೆಯ ಒಂದು ಅಂಚು ಕಂಡಿತು, ಊತವಿಲ್ಲದ್ದು. ಅಷ್ಟರಲ್ಲಿ ಅದು ತಾಯಿಯ ತಲೆಯ ಹಿಂದಿನ ಕುರ್ಚಿಯ ಕಡೆಗೆ ಓರೆಗಣ್ಣು ಹಾಯಿಸಿ ಅಲ್ಲೇ ನಿಂತುಬಿಟ್ಟಿತು.

"ಅಮ್ಮ, ಅವರು ಆಚೆ ಹೋಗ್ಲಿ."

ಅವಳು ಬೆಚ್ಚಿ ಕಣ್ಣು ಬಿಟ್ಟಳು.

"ನಿದ್ದೆ ಹೋಗಿದ್ರಿ," ಲಿಂಟ್ನರ್ ಕುರ್ಚಿಯನ್ನು ಮುಂದಕ್ಕೆಳೆದರು. ದನಿಯಲ್ಲಿ ಆತುರವಿತ್ತು. "ಏನು ಕಂಡ್ರಿ? ಮರೆತುಹೋಗೋ ಮುಂಚೆ ಹೇಳಿಬಿಡಿ."

"ಹೆರ್ ಡಾಕ್ಟರ್, ದಯವಿಟ್ಟು ಸ್ವಲ್ಪ ಆಚೆ ಹೋಗ್ತೀರಾ?"

"ಇದು ನನ್ನ ಕೋಣೆ, ಫ್ರೌ ಕ್ರಾಲಿಕ್."

"ಗೊತ್ತು."

ಆಮೇಲೆ ಕುರ್ಚಿ ಕಿರುಗುಟ್ಟಿತು, ಹೆಜ್ಜೆಗಳು ಸರಿದವು, ಬಾಗಿಲು ಮುಚ್ಚಿತು. ಓಟಿಲಿಯಾ ಶಾಲನ್ನು ಪಾದದವರೆಗೆ ಎಳೆದುಕೊಂಡು, ಕಾಲ ಬಳಿ ಒಂದಿಷ್ಟು ಜಾಗ ಬಿಟ್ಟು, ಕಣ್ಣು ಮುಚ್ಚಿದಳು.