ಕೋಣೆಯಲ್ಲಿ ಆಡಿದ ಮಾತು

ರಷ್ಯನ್ನೂ ಉಜ್ಬೆಕ್ಕೂ ಎರಡೂ ಬಲ್ಲ ದುಭಾಷಿಗಾಗಿ ಸಿಹಿಬಾಯಿ ಊರೆಲ್ಲ ಜಾಲಾಡಿದ. ಸಿಗಲಿಲ್ಲ. ಸಿಗೋದೆಲ್ಲಿಂದ? ಇದ್ದವಳೊಬ್ಬಳು, ಅವಳ ಅನ್ನಕ್ಕೆ ತಾನೇ ಕಲ್ಲು ಹಾಕಿದ್ದನಲ್ಲ!

ಕಂಪನಿಗಳಿಗೆ ದುಭಾಷಿಗಳನ್ನು ಕಳಿಸಿಕೊಡೋ ಏಜೆಂಟ್ ಅವನು. ಮಾತೆಲ್ಲ ಬೆಲ್ಲ, ಅದಕ್ಕೇ ಆ ಹೆಸರು. ಹೋದ ವರ್ಷ ತನ್ನ ಭಾಮೈದನಿಗೆ ದಾರಿ ಮಾಡಿಕೊಡೋಕೆ, "ಆಯಮ್ಮ ಇಲ್ಲದ್ದನ್ನ ಸೇರಿಸಿ ಹೇಳ್ತಾಳೆ, ನಂಬಬೇಡಿ" ಅಂತ ಸಿಕ್ಕಸಿಕ್ಕವರ ಕಿವಿ ಊದಿದ್ದ. ದುಭಾಷಿಗೆ ಇದಕ್ಕಿಂತ ಕೆಟ್ಟ ಹೆಸರುಂಟೆ? ಅವತ್ತಿಂದ ಅವಳನ್ನು ಕರೆಯೋರಿಲ್ಲ. ಹಲ್ಲು ಕಡಿದುಕೊಂಡು, ದಿನಾ ಅವನಿಗೆ ಹಿಡಿಶಾಪ ಹಾಕಿಕೊಂಡು ಕೂತಿದ್ದಳು.

ಈಗ ಅದೇ ಮಹಾನುಭಾವ ಅವಳ ಬಾಗಿಲಲ್ಲಿ!

"ಅಕ್ಕಾ, ಕಾಲಿಗೆ ಬೀಳ್ತೀನಿ. ನೂಲಿನ ಯಂತ್ರ ಕೊಳ್ಳೋಕೆ ಮುದುಕ ಸಾಹುಕಾರ ಬಂದಿದ್ದಾನೆ. ಕಾಗದಪತ್ರ ರಷ್ಯನ್ನಲ್ಲಿ, ಅವನು ಆಡೋದು ಬರೀ ಉಜ್ಬೆಕ್. ನಮ್ಮ ಭಾಮೈದನಿಗೆ ಅದು ಬರಲ್ಲ, ತೋಚಿದ್ದು ಹೇಳಿ ಸಿಕ್ಕಿಬಿದ್ದಿದ್ದಾನೆ."

"ಅಂದ್ರೆ ಇಲ್ಲದ್ದನ್ನ ಸೇರಿಸಿ?" ಅಂದಳು.

ಸಿಹಿಬಾಯಿ ಎರಡೂ ಕೈ ಮುಗಿದ.

"ಬರ್ತೀನಿ. ಆದ್ರೆ ನೀವೂ ನನ್ನ ಪಕ್ಕದಲ್ಲೇ ಕೂತಿರಬೇಕು."

ಕಾರ್ಖಾನೆಯ ಉದ್ದನೆ ಮೇಜು. ಆ ಕಡೆ ಮುಖ ಗಂಟಿಕ್ಕಿದ ಮುದುಕ. ಈ ಕಡೆ ಮ್ಯಾನೇಜರು. ಸಿಹಿಬಾಯಿಯ ಮಾತು ನಂಬಿ ಇವಳನ್ನು ಮೊದಲು ಕೈಬಿಟ್ಟವರು ಇವರೇ. ಕೂತ ಕೂಡಲೇ ಅವಳು ಎರಡೂ ಕಡೆಯವರಿಗೆ ಕಸುಬಿನ ನೇಮ ಹೇಳಿದಳು: "ಈ ಕೋಣೆಯಲ್ಲಿ ಯಾರು ಏನೇ ಆಡಿದ್ರೂ, ಪಿಸುಗುಟ್ಟಿದ್ರೂ, ದಾಟಿಸ್ತೀನಿ. ಆಡಿದವರು 'ನಾನು' ಅಂದ್ರೆ ನಾನೂ 'ನಾನು' ಅಂತೀನಿ."

ಸಿಹಿಬಾಯಿ ಇದನ್ನು ಎಷ್ಟೋ ಸಲ ಕೇಳಿದವನು. ಕಿವಿಗೇ ಹಾಕಿಕೊಳ್ಳಲಿಲ್ಲ.

ಮುದುಕ ಅವನ ಕಡೆ ಬೆರಳು ತೋರಿಸಿ ಗುಡುಗಿದ. ಅವಳು ಸಿಹಿಬಾಯಿಯ ಕಣ್ಣಲ್ಲಿ ಕಣ್ಣಿಟ್ಟು ದಾಟಿಸಿದಳು: "ನೀನು ಮೋಸಗಾರ. ನಿನ್ನವನ ಹೊಟ್ಟೆ ತುಂಬಿಸೋಕೆ ನನ್ನ ಮಾತು ಕೊಂದೆ. ನಾಚಿಕೆ ಆಗಲ್ವಾ ನಿನಗೆ?" ಅಬ್ಬಾ, ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು! ತನ್ನದೊಂದು ಪದವನ್ನೂ ಸೇರಿಸಬೇಕಾಗಲಿಲ್ಲ.

ಸಿಹಿಬಾಯಿ ಬೆವೆತು ಅವಳ ಕಿವಿಗೆ ಬಗ್ಗಿದ. "ಅಕ್ಕಾ, ಏನಾದ್ರೂ ನಯವಾಗಿ ಹೇಳಿ ಮುದುಕನ್ನ ತಣ್ಣಗೆ ಮಾಡಿ. ನಿಮ್ಮ ಬಗ್ಗೆ ನಾನು ಹೇಳಿದ್ದೆಲ್ಲ ಸುಳ್ಳು, ಭಾಮೈದನಿಗೋಸ್ಕರ ಕಟ್ಟಿದ ಕತೆ. ಎಲ್ಲರ ಹತ್ರ ಒಪ್ಕೋತೀನಿ."

ಅವಳು ನೆಟ್ಟಗೆ ಕೂತು ಅಷ್ಟನ್ನೂ ಉಜ್ಬೆಕ್ಕಿಗೆ ದಾಟಿಸಿದಳು. ಮುದುಕನ ಹುಬ್ಬು ಮೇಲೇರಿತು.

"ಏನು ಪಿಸುಗುಟ್ಟಿದ್ರು ಇವರು?" ಅಂದರು ಮ್ಯಾನೇಜರು, ಸಿಹಿಬಾಯಿಯ ಕಡೆ ನೋಡಿ.

ಅವರಿಗೂ ಅಷ್ಟನ್ನೂ ಹೇಳಿದಳು, ಇದನ್ನಂತೂ ಗಟ್ಟಿಯಾಗಿ. "'ನಿಮ್ಮ ಬಗ್ಗೆ ನಾನು ಹೇಳಿದ್ದೆಲ್ಲ ಸುಳ್ಳು, ಭಾಮೈದನಿಗೋಸ್ಕರ ಕಟ್ಟಿದ ಕತೆ.'"

"ಅಯ್ಯೋ, ಸೇರಿಸಿ ಹೇಳ್ತಿದ್ದಾಳೆ ಸಾರ್!" ಸಿಹಿಬಾಯಿ ಕಿರುಚಿದ. ಅದನ್ನೂ ದಾಟಿಸಿದಳು. ಮುದುಕ ಮೇಜು ಬಡಿದು ನಕ್ಕ.

"ಸೇರಿಸೋರು ಯಾರು ಅಂತ ನಿಮ್ಮ ಭಾಮೈದನ್ನ ನೋಡಿದಾಗಲೇ ಗೊತ್ತಾಯ್ತು. ಎದ್ದು ಹೊರಗೆ ನಡೀರಿ," ಅಂದರು ಮ್ಯಾನೇಜರು. "ಇನ್ನು ಈ ಕಡೆ ತಲೆ ಹಾಕಬೇಡಿ."

ಮಾಡಿದ್ದುಣ್ಣೋ ಮಹಾರಾಯ! ಸಿಹಿಬಾಯಿ ಬಾಗಿಲು ದಾಟೋವರೆಗೂ ಕಾದು, ಆ ಕೊನೇ ಮಾತನ್ನು ಅವಳು ಮುದುಕನಿಗೆ ನಿಧಾನವಾಗಿ, ಬಾಯಿ ಚಪ್ಪರಿಸಿಕೊಂಡು ದಾಟಿಸಿದಳು.